ಸಹಪಾಠಿಯ ಗುರುತು

ಕಾಲೇಜು ಬಿಟ್ಟು 25 ಅಥವಾ 50 ವರ್ಷ ತುಂಬಿದ ತರಗತಿಯವರು ಮತ್ತೆ ಒಂದೆಡೆ ಸೇರುವ ಮೊದಲು ತಮ್ಮ ತಮ್ಮ ಬದುಕಿನ ಸುದ್ದಿಯನ್ನು ಬರೆದು ಹಂಚಿಕೊಳ್ಳುವ ರೂಢಿಯಿದೆ. ಕೆಲವು ಕಡೆ ಅದು ಸ್ಮರಣ ಸಂಚಿಕೆಯ ಅರ್ಧ ಪುಟ, ಕೆಲವು ಕಡೆ ಮೊಬೈಲಿನಲ್ಲಿ ಕಳಿಸಿದ ನಾಲ್ಕು ಸಾಲು. ಈಗ ಇರುವ ಊರು, ಮಾಡಿದ ಕೆಲಸ, ಮನೆಯವರು, ಮಕ್ಕಳ ಓದು, ಆರೋಗ್ಯ, ನಿವೃತ್ತಿಯ ನಂತರದ ದಿನಚರಿ ಅದರಲ್ಲಿರುತ್ತವೆ. ನೋಡಲು ಸರಳವಾದ ಈ ಬರಹದ ಒಳಗೆ ಧರ್ಮ ಮತ್ತು ದರ್ಶನಗಳು ಬಹುಕಾಲದಿಂದ ಚರ್ಚಿಸಿಕೊಂಡು ಬಂದ ಪ್ರಶ್ನೆಗಳು ಅಡಗಿವೆ. ಅಂದು ಬೆಂಚಿನ ಮೇಲೆ ಕೂತಿದ್ದ ಹುಡುಗನೂ ಇಂದು ಕನ್ನಡಕ ಸರಿಮಾಡಿಕೊಂಡು ಬರೆಯುತ್ತಿರುವ ಹಿರಿಯನೂ ಒಬ್ಬನೇ ಎನ್ನಲು ಆಧಾರವೇನು? ಬದುಕಿನಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಯಾವುದು? ಗೆಳೆಯನ ಏಳಿಗೆಯನ್ನೋ ಸೋಲನ್ನೋ ಓದುವವರ ಮನಸ್ಸು ಹೇಗಿರಬೇಕು?

ತುಮಕೂರು ಈ ಪ್ರಶ್ನೆಗಳನ್ನು ಕೇಳಲು ತಕ್ಕ ಊರು. ಸುತ್ತಲ ತಾಲ್ಲೂಕುಗಳ ಮಕ್ಕಳನ್ನು ತಲೆಮಾರುಗಳಿಂದ ಓದಿಗೆ ಸೆಳೆದ ಊರು ಇದು. ಗುಬ್ಬಿಯವರಿಗೆ ಬೆಂಗಳೂರು–ಅರಸೀಕೆರೆ ರೈಲು ಮಾರ್ಗವಿತ್ತು. 2017ರವರೆಗೆ ರೈಲನ್ನೇ ಕಾಣದ ಕುಣಿಗಲ್‌ನವರಿಗೆ ಬಸ್ಸೇ ಗತಿಯಾಗಿತ್ತು. ಸಿದ್ಧಗಂಗಾ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಸಾವಿರಾರು. 1963ರಲ್ಲಿ ಮಠದ ಆಶ್ರಯದಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದ ಮೇಲೆ ದೂರದ ಜಿಲ್ಲೆಗಳವರೂ ಹೊರರಾಜ್ಯದವರೂ ಇಲ್ಲಿಗೆ ಬಂದರು. ಅವರಲ್ಲಿ ಅನೇಕರು ಬೆಂಗಳೂರಿಗೆ, ಮುಂಬಯಿಗೆ, ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ಹೋದರು. ಅನೇಕರು ತೆಂಗು ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಉಳಿದರು. ಓದಿಸಿದ ಸಂಸ್ಥೆಗಳೂ ಇದ್ದಂತೆ ಉಳಿಯಲಿಲ್ಲ. ಜಿಲ್ಲೆಯ ಪದವಿ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ, 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಹಳೆಯ ಸರ್ಕಾರಿ ಕಾಲೇಜು ವಿಶ್ವವಿದ್ಯಾಲಯದ ಕಲಾ ಮತ್ತು ವಿಜ್ಞಾನ ಕಾಲೇಜುಗಳಾಯಿತು. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಬರೆಯುವ ರೀತಿಯೂ 2014ರ ನವೆಂಬರ್ 1ರಿಂದ ಬದಲಾಯಿತು. ಅಂಕಪಟ್ಟಿಯಲ್ಲಿರುವ ಕಾಲೇಜಿನ ಹೆಸರು, ವಿಶ್ವವಿದ್ಯಾಲಯದ ಹೆಸರು, ಊರಿನ ಹೆಸರು ಯಾವುದೂ ಇಂದು ಅದೇ ರೂಪದಲ್ಲಿಲ್ಲ. ಆದರೂ ‘ನಮ್ಮ ಕಾಲೇಜು’ ಎಂದಾಗ ಯಾರಿಗೂ ಅನುಮಾನ ಬರುವುದಿಲ್ಲ. ಈ ಅನುಮಾನವಿಲ್ಲದ ಗುರುತು ಎಲ್ಲಿಂದ ಬರುತ್ತದೆ ಎಂಬುದು ಮೊದಲ ಪ್ರಶ್ನೆ.

ಹಳೆಯ ಪರಿಚಿತನನ್ನು ಗುರುತಿಸುವ ಪ್ರಸಂಗವನ್ನೇ ಅದ್ವೈತ ವೇದಾಂತ ತನ್ನ ಮುಖ್ಯ ನಿದರ್ಶನವಾಗಿ ಎತ್ತಿಕೊಂಡಿದೆ. ಎಂದೋ ಎಲ್ಲೋ ಕಂಡಿದ್ದ ದೇವದತ್ತನೆಂಬವನನ್ನು ಇನ್ನೊಂದು ಊರಿನಲ್ಲಿ, ಇನ್ನೊಂದು ಕಾಲದಲ್ಲಿ ಕಂಡು ಅವನೇ ಇವನು ಎಂದು ತಿಳಿಯುವ ಪ್ರಸಂಗ ಅದು. ಸರ್ವಜ್ಞಾತ್ಮ ಮುನಿಯ ಸಂಕ್ಷೇಪಶಾರೀರಕದಲ್ಲಿಯೂ ಸದಾನಂದನ ವೇದಾಂತಸಾರದಲ್ಲಿಯೂ ಇದರ ವಿವರಣೆಯಿದೆ. ಅಂದಿನ ದೇವದತ್ತನಿಗೆ ಅಂದಿನ ಕಾಲ, ಅಂದಿನ ಜಾಗ ಅಂಟಿಕೊಂಡಿವೆ; ಇಂದಿನವನಿಗೆ ಇಂದಿನವು. ಇವೆರಡೂ ಒಂದಕ್ಕೊಂದು ಒಪ್ಪುವುದಿಲ್ಲ. ಒಪ್ಪದ ಆ ಭಾಗವನ್ನು ಎರಡೂ ಕಡೆಯಿಂದ ಬಿಟ್ಟು, ಒಪ್ಪುವ ವ್ಯಕ್ತಿಯನ್ನಷ್ಟೇ ಹಿಡಿದಾಗ ಗುರುತು ಸಿದ್ಧಿಸುತ್ತದೆ. ವೇದಾಂತಿಗಳಿಗೆ ಇದು ಜೀವ ಮತ್ತು ಬ್ರಹ್ಮದ ಐಕ್ಯವನ್ನು ತಿಳಿಸುವ ಮೆಟ್ಟಿಲು. ಆದರೆ ನಿದರ್ಶನದ ಮಟ್ಟದಲ್ಲೇ ಅದು ಹೇಳುವ ಮಾತು ಸಣ್ಣದಲ್ಲ. ಗೆಳೆಯನನ್ನು ಗುರುತಿಸುವವನು ಅವನ ನರೆತ ಕೂದಲನ್ನು, ಹುದ್ದೆಯನ್ನು, ಕಾರನ್ನು, ಸಾಲವನ್ನು ಬದಿಗಿಡುತ್ತಾನೆ. ಅಷ್ಟೇ ಮುಖ್ಯವಾಗಿ, ತನ್ನ ನೆನಪಿನಲ್ಲಿರುವ ಹದಿನೆಂಟರ ಹುಡುಗನ ಚಿತ್ರವನ್ನೂ ಬದಿಗಿಡಬೇಕಾಗುತ್ತದೆ. ಈ ಎರಡನೆಯದನ್ನು ಬಿಡುವುದು ಕಷ್ಟ. ಅಡ್ಡಹೆಸರಿನಿಂದ ಕರೆದಾಗ ನಗುವವರಿದ್ದಾರೆ, ನೋಯುವವರೂ ಇದ್ದಾರೆ. ಅಂದಿನ ಹುಡುಗನನ್ನೇ ಇಂದಿನವನ ಮೇಲೆ ಹೇರುವುದು ಗುರುತಿಸುವಿಕೆಯಾಗುವುದಿಲ್ಲ.

ಬೌದ್ಧರು ಈ ವಿವರಣೆಯನ್ನು ಒಪ್ಪಲಿಲ್ಲ. ಎಲ್ಲವೂ ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುತ್ತಿರುವಾಗ ಅದೇ ಎಂಬ ಅರಿವು ಹೋಲಿಕೆಯಿಂದ ಹುಟ್ಟಿದ ಭ್ರಮೆ ಎಂದರು. ಕತ್ತರಿಸಿದ ಕೂದಲು ಉಗುರು ಮತ್ತೆ ಬೆಳೆದಾಗ ಅವೇ ಎನ್ನುವುದು ಇಂಥದೇ ತಪ್ಪು. ಮಿಲಿಂದಪ್ರಶ್ನೆಯಲ್ಲಿ ರಾಜನಿಗೆ ಉತ್ತರಿಸುವ ನಾಗಸೇನ ಇನ್ನಷ್ಟು ಸೂಕ್ಷ್ಮವಾಗಿ ಮಾತಾಡುತ್ತಾನೆ: ಮಗುವಾಗಿದ್ದವನೂ ದೊಡ್ಡವನಾದವನೂ ಅದೇ ಅಲ್ಲ, ಬೇರೆಯೂ ಅಲ್ಲ, ರಾತ್ರಿಯಿಡೀ ಉರಿಯುವ ದೀಪದ ಮೊದಲ ಜಾವದ ಜ್ವಾಲೆಗೂ ಕೊನೆಯ ಜಾವದ ಜ್ವಾಲೆಗೂ ಇರುವಂಥ ಸಂಬಂಧ ಅವರದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಇದಕ್ಕೆ ಸ್ಮರಣೆಯನ್ನು ಮುಂದಿಟ್ಟು ಉತ್ತರ ಕೊಡುತ್ತಾರೆ. ಕಂಡವನೇ ನೆನೆಯಬಲ್ಲ, ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ಹೊರಗಿನ ವಸ್ತುವಿನ ವಿಷಯದಲ್ಲಿ ಇದು ಅದೇನೋ ಅಥವಾ ಅದರಂಥದೋ ಎಂಬ ಸಂದೇಹ ಬರಬಹುದು. ನೆನೆಯುತ್ತಿರುವ ತನ್ನ ವಿಷಯದಲ್ಲಿ ಮಾತ್ರ, ನಾನು ಅವನೋ ಅವನಂಥವನೋ ಎಂಬ ಸಂದೇಹ ಯಾರಿಗೂ ಬರುವುದಿಲ್ಲ.

ನೆನಪನ್ನೇ ಅಳತೆಯಾಗಿಸಿಕೊಂಡರೆ ಬರುವ ತೊಡಕನ್ನು ಪಶ್ಚಿಮದ ದಾರ್ಶನಿಕರೂ ಎದುರಿಸಿದ್ದಾರೆ. ಪ್ರಜ್ಞೆ ಹಿಂದಕ್ಕೆ ಎಷ್ಟು ದೂರ ಚಾಚುತ್ತದೋ ವ್ಯಕ್ತಿಯ ಗುರುತೂ ಅಷ್ಟೇ ದೂರ ಎಂದು ಜಾನ್ ಲಾಕ್ ವಾದಿಸಿದ. 1785ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ರೀಡ್ ಅದಕ್ಕೊಂದು ಪ್ರತಿಉದಾಹರಣೆ ಕೊಟ್ಟ. ಹುಡುಗನಾಗಿದ್ದಾಗ ತೋಟದಲ್ಲಿ ಹಣ್ಣು ಕದ್ದು ಏಟು ತಿಂದವನು ಮುಂದೆ ಶೂರ ಸೇನಾಧಿಕಾರಿಯಾಗುತ್ತಾನೆ. ಆ ಅಧಿಕಾರಿಗೆ ಏಟಿನ ನೆನಪಿದೆ. ಮುಪ್ಪಿನಲ್ಲಿ ಸೇನಾಪತಿಯಾದಾಗ ಶೌರ್ಯದ ನೆನಪಿದೆ, ಏಟಿನ ನೆನಪು ಅಳಿಸಿದೆ. ಹಾಗಾದರೆ ಆ ಸೇನಾಪತಿ ಆ ಹುಡುಗ ಅಲ್ಲವೇ? ಸಮ್ಮಿಲನದ ಬರಹಗಳಲ್ಲಿ ಈ ಕಗ್ಗಂಟು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಒಬ್ಬ ತಾನೇ ಮರೆತ ಸಂಗತಿಯನ್ನು ಪಕ್ಕದ ಬೆಂಚಿನವನು ನೆನಪಿಟ್ಟುಕೊಂಡಿರುತ್ತಾನೆ. ಪರೀಕ್ಷೆ ಶುಲ್ಕ ಯಾರು ಕಟ್ಟಿದ್ದು, ಜ್ವರದಲ್ಲಿ ಮಲಗಿದ್ದಾಗ ಯಾರು ಗಂಜಿ ತಂದುಕೊಟ್ಟದ್ದು, ರೈಲು ತಪ್ಪಿದ ರಾತ್ರಿ ಯಾರ ಮನೆಯಲ್ಲಿ ಉಳಿದದ್ದು ಎಂಬ ವಿವರಗಳು ಒಬ್ಬರ ತಲೆಯಲ್ಲಿ ಇಡಿಯಾಗಿ ಇರುವುದಿಲ್ಲ, ಹಲವರಲ್ಲಿ ಹಂಚಿಹೋಗಿರುತ್ತವೆ. ಲಾಕ್ ಮತ್ತು ರೀಡ್ ಇಬ್ಬರೂ ಒಬ್ಬನ ನೆನಪನ್ನು ಅವನಲ್ಲಿಯೇ ಹುಡುಕಿದರು. ಮನುಷ್ಯ ತನ್ನ ಬದುಕಿನ ಏಕೈಕ ಸಾಕ್ಷಿಯಲ್ಲ ಎಂಬುದನ್ನು ಸಹಪಾಠಿಗಳ ಬರಹ ತೋರಿಸುತ್ತದೆ. ತನ್ನ ವರದಿಯನ್ನು ತಾನೊಬ್ಬನೇ ಪೂರ್ತಿಮಾಡಲು ಯಾರಿಂದಲೂ ಆಗದು. ಈ ರೂಢಿಯ ಬೆಲೆಯಿರುವುದು ಹೆಚ್ಚಾಗಿ ಅಲ್ಲಿಯೇ.

ಜೈನರು ಬೇರೊಂದು ದಾರಿ ತೋರಿದರು. ತತ್ತ್ವಾರ್ಥಸೂತ್ರದ ಪ್ರಕಾರ ಇರುವುದೆಲ್ಲದರಲ್ಲೂ ಹುಟ್ಟು, ಅಳಿವು, ನೆಲೆ ಮೂರೂ ಒಟ್ಟಿಗಿವೆ. ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ತುಮಕೂರಿನ ಹತ್ತಿರ ಮಂದಾರಗಿರಿಯ ಮೇಲಿನ ಬಸದಿಗಳೂ ಬುಡದಲ್ಲಿ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ ಗುರುಮಂದಿರವೂ ಈ ಪರಂಪರೆ ಇಲ್ಲಿ ಇನ್ನೂ ಬಾಳುತ್ತಿರುವುದರ ಕುರುಹು. ಬೆಟ್ಟ ಹತ್ತಿ ಬಂದವರೆಲ್ಲ ಈ ತತ್ತ್ವವನ್ನು ಓದಿಕೊಂಡಿರಬೇಕಾಗಿಲ್ಲ. ಹಳೆಯ ಗೆಳೆಯನನ್ನು ನೋಡಿ ‘ಎಷ್ಟು ಬದಲಾಗಿದೀಯ’ ಎಂದೂ ‘ಒಂಚೂರೂ ಬದಲಾಗಿಲ್ಲ’ ಎಂದೂ ಒಂದೇ ಉಸಿರಿನಲ್ಲಿ ಹೇಳುವವರು ಸುಳ್ಳಾಡುತ್ತಿಲ್ಲ ಎಂಬುದಕ್ಕೆ ಜೈನರ ಅನೇಕಾಂತವಾದದ ಸಮರ್ಥನೆಯಿದೆ.

ಗೂಳೂರಿನ ಗಣಪತಿಯಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಕಾಣುತ್ತದೆ. ತುಮಕೂರು ತಾಲ್ಲೂಕಿನ ಈ ಊರಿನಲ್ಲಿ ಗಣೇಶ ಚತುರ್ಥಿಗೆ ಮಣ್ಣಿನಿಂದ ಬೃಹತ್ ಮೂರ್ತಿ ಮಾಡಲು ತೊಡಗುತ್ತಾರೆ. ದೀಪಾವಳಿಯ ಬಲಿಪಾಡ್ಯಮಿಯಿಂದ ಕಾರ್ತಿಕದ ಪೂಜೆ ನಡೆಯುತ್ತದೆ. ಮುಗಿದ ಮೇಲೆ ಗೂಳೂರು ಕೆರೆಯಲ್ಲಿ ವಿಸರ್ಜನೆ. ಮರುವರ್ಷ ಹೊಸ ಮಣ್ಣು, ಹೊಸ ಮೂರ್ತಿ. ಹರಕೆ ಹೊತ್ತವರು ಮಾತ್ರ ಅದೇ ಗಣಪತಿಗೆ ಹರಕೆ ತೀರಿಸುತ್ತಾರೆ. ಇಲ್ಲಿ ಗುರುತನ್ನು ಕಾಯುವುದು ಮಣ್ಣಲ್ಲ, ಆಕಾರದ ಹೋಲಿಕೆಯೂ ಅಲ್ಲ. ಕಟ್ಟಿಕೊಂಡ ಸಂಬಂಧ ಮತ್ತು ಕೊಟ್ಟ ಮಾತು. ಫ್ರೆಂಚ್ ದಾರ್ಶನಿಕ ಪಾಲ್ ರಿಕರ್ 1990ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಹತ್ತಿರದ ವಿಚಾರ ಮಂಡಿಸಿದ. ಬದಲಾಗದೆ ಉಳಿಯುವ ಗುಣಗಳಿಂದ ಬರುವ ಗುರುತು ಒಂದು. ಬದಲಾಗಿಯೂ ಕೊಟ್ಟ ಮಾತಿಗೆ ನಿಲ್ಲುವುದರಿಂದ ಬರುವ ಗುರುತು ಇನ್ನೊಂದು. ಎರಡನ್ನೂ ಬೆಸೆಯುವುದು ಬದುಕಿನ ಕಥನ.

ಕಥನವೆಂದ ಕೂಡಲೇ ಅದರಲ್ಲಿ ಏನನ್ನು ಹೇಳಬೇಕು ಎಂಬ ಪ್ರಶ್ನೆ ಬರುತ್ತದೆ. ‘ಎಲ್ಲಿದೀಯ, ಏನ್ಮಾಡ್ತಿದೀಯ, ಮಕ್ಕಳೆಲ್ಲ ಸೆಟ್ಲ್ ಆದ್ರಾ’ ಎಂಬ ಕ್ರಮದಲ್ಲಿ ಪ್ರಶ್ನೆಗಳು ಬರುತ್ತವೆ, ಉತ್ತರಗಳೂ ಅದೇ ಅಚ್ಚಿನಲ್ಲಿ ಬೀಳುತ್ತವೆ. ಹುದ್ದೆ, ಮನೆ, ಮಕ್ಕಳ ವಿದೇಶವಾಸ ಇರುವವರಿಗೆ ಬರೆಯಲು ಸುಲಭ. ಮದುವೆಯಾಗದವರು, ಮುರಿದ ಮದುವೆಯವರು, ಮಗುವನ್ನು ಕಳೆದುಕೊಂಡವರು, ವ್ಯಾಪಾರದಲ್ಲಿ ಸೋತವರು, ಹಾಸಿಗೆ ಹಿಡಿದ ತಂದೆ ತಾಯಿಯನ್ನು ನೋಡಿಕೊಳ್ಳುತ್ತ ನಡುವಯಸ್ಸನ್ನು ಕಳೆದ ಹೆಣ್ಣುಮಕ್ಕಳು ಈ ಅಚ್ಚಿನಲ್ಲಿ ತಮ್ಮ ಬದುಕನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ತಪ್ಪು ಅವರ ಬದುಕಿನದಲ್ಲ, ಅಚ್ಚಿನದು.

ಬದುಕಿನ ವರದಿಯನ್ನು ಒಪ್ಪಿಸುವುದರ ಬಗ್ಗೆ ಕನ್ನಡದಲ್ಲಿರುವ ಅತ್ಯಂತ ಗಹನವಾದ ಗ್ರಂಥಗಳಲ್ಲಿ ಒಂದು ಇದೇ ನೆಲದ್ದು. ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದವನು 15ನೇ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗರ ಬಳಿಕ ಅದಕ್ಕೆ ಕೊನೆಯ ಹಾಗೂ ಹೆಚ್ಚು ಪ್ರಚಲಿತವಾದ ರೂಪ ಕೊಟ್ಟವನು ಗೂಳೂರಿನ ಸಿದ್ಧವೀರಣ್ಣೊಡೆಯ. ಅವನು ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಗೆ ಸೇರಿದವನು. 12ನೇ ಶತಮಾನದ ಶರಣರು ಒಬ್ಬೊಬ್ಬರಾಗಿ ಬಂದು ಸೇರುವುದು, ಬಂದವರು ತಾವು ಯಾರು, ಏನು ಕಂಡುಕೊಂಡರು ಎಂಬುದನ್ನು ಪ್ರಶ್ನೋತ್ತರದಲ್ಲಿ ಬಿಡಿಸಿ ಹೇಳುವುದು ಈ ಗ್ರಂಥದ ರಚನೆ. ಅಲ್ಲಮಪ್ರಭು ಕೇಳುವ ಪ್ರಶ್ನೆಗಳಿಗೆ ಸಾಧನೆಯ ಪಟ್ಟಿ ಉತ್ತರವಾಗುವುದಿಲ್ಲ.

ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಜನಕ್ಕೆ ನೆರವಾದವನು ಅವನು. ಇಂದಿನ ಯಾವ ಸ್ಮರಣ ಸಂಚಿಕೆಯಲ್ಲಾದರೂ ಮೊದಲ ಪುಟ ಅವನದೇ ಆಗುತ್ತಿತ್ತು. ಅಲ್ಲಮ ಬಂದವನು ಅವನನ್ನು ಮಣ್ಣಿನ ಕೆಲಸದವನೆಂದು ಕೂಗಿ ಕೆಣಕುತ್ತಾನೆ. ಕೆರೆ ಗುಡಿಗಳು ಬೇಡವೆಂಬುದು ಆ ಮಾತಿನ ಅರ್ಥವಲ್ಲ. ಮಾಡಿದ ಕೆಲಸದೊಂದಿಗೆ ಮಾಡಿದವನು ತನ್ನನ್ನು ಒಂದಾಗಿಸಿಕೊಂಡರೆ, ಕೆಲಸ ನಿಂತ ದಿನ ಅವನಿಗೆ ತಾನು ಯಾರೆಂದೇ ತಿಳಿಯದೆ ಹೋಗುತ್ತದೆ ಎಂಬ ಎಚ್ಚರ ಅದರಲ್ಲಿದೆ. ನಿವೃತ್ತಿಯ ಅಂಚಿನಲ್ಲಿ ಇಲ್ಲವೇ ಅದರಾಚೆ ನಿಂತು ಬರೆಯುವ ತರಗತಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಇಲ್ಲ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಅಷ್ಟೇ ನೇರ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳುತ್ತಾಳೆ. ಹೆಚ್ಚು ಕೂಡಿದ್ದೇ ಹೆಚ್ಚು ಬಾಳಿದ್ದು ಎಂಬ ಲೆಕ್ಕ ಅವಳ ಮುಂದೆ ನಿಲ್ಲುವುದಿಲ್ಲ.

ಏನೂ ನಡೆಯದಂತೆ ಕಾಣುವ ವರ್ಷಗಳ ಬಗ್ಗೆಯೂ ಈ ನೆಲಕ್ಕೊಂದು ಐತಿಹ್ಯವಿದೆ. ತೋಂಟದ ಸಿದ್ಧಲಿಂಗರು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ಬಳಿ ಭಕ್ತನೊಬ್ಬನ ತೋಟದಲ್ಲಿ ಧ್ಯಾನಕ್ಕೆ ಕೂತರು. ಕರೆದುಕೊಂಡು ಬಂದ ಭಕ್ತ ಅವರನ್ನು ಮರೆತುಬಿಟ್ಟ. ಮೈಮೇಲೆ ಹುತ್ತ ಬೆಳೆಯಿತು. ಹಸುವೊಂದು ಬಂದು ಹುತ್ತಕ್ಕೆ ಹಾಲು ಕರೆಯುತ್ತಿತ್ತು ಎಂದು ಭಕ್ತರು ಹೇಳುತ್ತಾರೆ. ಆ ಕಾಲದ ಸುದ್ದಿ ಬರೆಯಿರೆಂದರೆ ಬರೆಯಲು ಒಂದು ಸಾಲೂ ಇಲ್ಲ. ಆದರೂ ಷಟ್‌ಸ್ಥಲ ಜ್ಞಾನಸಾರಾಮೃತದ 701 ವಚನಗಳು ಬಂದದ್ದು ಅವರಿಂದಲೇ. ಅವರ ಸಮಾಧಿಯಿರುವ ಎಡೆಯೂರಿಗೆ ಬೆಂಗಳೂರು–ಹಾಸನ ರಸ್ತೆಯಲ್ಲಿ ಹೋಗುವ ಬಸ್ಸುಗಳು ಇಂದಿಗೂ ಜನರನ್ನು ಇಳಿಸುತ್ತವೆ.

ಗುಬ್ಬಿಯದು ಇನ್ನೊಂದು ಬಗೆಯ ಪಾಠ. 1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನ ಉದ್ದಗಲಕ್ಕೂ ಹೆಸರಾಯಿತು. ಕಂಪನಿಯ ನಟರು ಒಂದು ರಾತ್ರಿ ರಾಜ, ಮರುರಾತ್ರಿ ಸೇವಕ. ಬಣ್ಣ ತೊಳೆದ ಮೇಲೆ ಎಲ್ಲರೂ ಒಂದೇ ಬಿಡಾರದಲ್ಲಿ ಉಣ್ಣುವವರು. ಕಾಶ್ಮೀರ ಶೈವರ ಶಿವಸೂತ್ರ ಆತ್ಮವನ್ನೇ ನಟನೆಂದು ಕರೆದಿದೆ. ಎಂಜಿನಿಯರು, ತಹಸೀಲ್ದಾರ, ಸೊಸೆ, ಅಜ್ಜಿ ಎಂಬ ಪಾತ್ರಗಳು ಸುಳ್ಳಲ್ಲ, ಅವುಗಳನ್ನು ಚೆನ್ನಾಗಿ ನಿಭಾಯಿಸುವುದೂ ಸಣ್ಣ ಮಾತಲ್ಲ. ಬಣ್ಣ ಹಚ್ಚುವುದಕ್ಕೆ ಮೊದಲು ನೋಡಿದವರು ಸಹಪಾಠಿಗಳು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ್ದು.

ಜೊತೆಯಲ್ಲಿ ಓದಿದವರು ದೊಡ್ಡವರಾದ ಮೇಲೆ ಮತ್ತೆ ಭೇಟಿಯಾಗುವ ಎರಡು ಕಥೆಗಳನ್ನು ಭಾರತೀಯ ಪರಂಪರೆ ಎದುರುಬದುರಾಗಿ ಇಟ್ಟಿದೆ. ಒಂದು ದ್ರೋಣ ದ್ರುಪದರದು. ಇಬ್ಬರೂ ಬಾಲ್ಯದಲ್ಲಿ ಒಟ್ಟಿಗೆ ಕಲಿತವರು. ಮುಂದೆ ದ್ರುಪದ ಪಾಂಚಾಲದ ಅರಸನಾದ. ದ್ರೋಣನ ಮಗ ಅಶ್ವತ್ಥಾಮ ಹಾಲಿಗೆಂದು ಹಿಟ್ಟು ಕಲಸಿದ ನೀರು ಕುಡಿದ. ಬಡತನ ತಾಳದೆ ಗೆಳೆಯನ ಆಸ್ಥಾನಕ್ಕೆ ಬಂದ ದ್ರೋಣನಿಗೆ, ಸ್ನೇಹ ಸಮಾನರ ನಡುವಿನದು, ಅರಸನಿಗೂ ಅರಸನಲ್ಲದವನಿಗೂ ಎಂಥ ಸ್ನೇಹ ಎಂಬ ಉತ್ತರ ಸಿಕ್ಕಿತು. 941ರಲ್ಲಿ ರಚಿತವಾದ ಪಂಪಭಾರತದಲ್ಲಿ ಈ ಪ್ರಸಂಗ ಇನ್ನೂ ಮೊನಚಾಗಿದೆ. ಪಂಪನ ದ್ರುಪದ ಗೆಳೆಯನ ಗುರುತೇ ಇಲ್ಲವೆನ್ನುತ್ತಾನೆ. ಕನ್ನಡ ಪಠ್ಯಪುಸ್ತಕಗಳ ಮೂಲಕ ಹಲವು ತಲೆಮಾರಿನ ವಿದ್ಯಾರ್ಥಿಗಳು ಇದನ್ನು ಓದಿದ್ದಾರೆ. ಓದುವಾಗ ದ್ರುಪದನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ದ್ರೋಣನ ನಡೆಯೂ ನಿರ್ದೋಷವಲ್ಲ. ಶಿಷ್ಯನಾದ ಅರ್ಜುನನ ಕೈಯಲ್ಲಿ ದ್ರುಪದನನ್ನು ಕಟ್ಟಿ ತರಿಸಿ, ಅರ್ಧ ರಾಜ್ಯ ಕಿತ್ತುಕೊಂಡು, ಈಗ ನಾವಿಬ್ಬರೂ ಸಮಾನರಾದೆವು, ಇನ್ನು ಗೆಳೆಯರಾಗಬಹುದು ಎನ್ನುತ್ತಾನೆ. ಸ್ನೇಹಕ್ಕೆ ಅಂತಸ್ತಿನ ಸಮಾನತೆ ಬೇಕೆಂಬ ದ್ರುಪದನ ತಪ್ಪು ಮಾತನ್ನು ದ್ರೋಣ ಹೀಗೆ ಒಪ್ಪಿಕೊಂಡಂತಾಯಿತು. ಇಬ್ಬರೂ ಒಂದೇ ಅಳತೆಗೋಲು ಹಿಡಿದರು. ಹಗೆ ಬೆಳೆದು ಮುಂದೆ ಎರಡು ಮನೆತನಗಳನ್ನೂ ನುಂಗಿತು.

ಇನ್ನೊಂದು ಭಾಗವತದ ದಶಮ ಸ್ಕಂಧದಲ್ಲಿರುವ ಕೃಷ್ಣ ಕುಚೇಲರ ಕಥೆ. ಸಾಂದೀಪನಿ ಮುನಿಯ ಆಶ್ರಮದಲ್ಲಿ ಒಟ್ಟಿಗೆ ಓದಿದವರು. ಹೆಂಡತಿಯ ಒತ್ತಾಯಕ್ಕೆ, ಹರಕು ಬಟ್ಟೆಯಲ್ಲಿ ಅವಲಕ್ಕಿ ಕಟ್ಟಿಕೊಂಡು ದ್ವಾರಕೆಗೆ ಬಂದ ಕುಚೇಲನಿಗೆ ಕೃಷ್ಣ ಹೇಳುವ ಮೊದಮೊದಲ ಮಾತುಗಳಲ್ಲಿ ಅರಮನೆಯ ಸುದ್ದಿಯಿಲ್ಲ, ಗೆದ್ದ ಯುದ್ಧಗಳ ವರದಿಯಿಲ್ಲ. ಗುರುಪತ್ನಿ ಸೌದೆ ತರಲು ಕಳಿಸಿದ ದಿನ ಕಾಡಿನಲ್ಲಿ ಬಿರುಗಾಳಿ ಮಳೆ ಬಂದದ್ದು, ದಾರಿ ಕಾಣದೆ ಕೈಕೈ ಹಿಡಿದು ರಾತ್ರಿ ಅಲೆದದ್ದು, ಬೆಳಗಾದ ಮೇಲೆ ಗುರು ಹುಡುಕಿಕೊಂಡು ಬಂದದ್ದು ನೆನಪಿದೆಯೇ ಎಂದು ಕೇಳುತ್ತಾನೆ. ಇಬ್ಬರಿಗೂ ಸಮಾನವಾಗಿ ಸೇರಿದ ಆಸ್ತಿ ಅದೊಂದೇ ಎಂದು ಕೃಷ್ಣನಿಗೆ ಗೊತ್ತಿತ್ತು. ಅದರಿಂದಲೇ ಮಾತು ಶುರುಮಾಡಿದ. ಕುಚೇಲ ತನ್ನ ಕಷ್ಟದ ವರದಿಯನ್ನು ಕೊನೆಗೂ ಒಪ್ಪಿಸಲಿಲ್ಲ. ಕೃಷ್ಣ ಅದನ್ನು ಕೇಳಿ ಮುಜುಗರಪಡಿಸಲೂ ಇಲ್ಲ. ಬೇಕಾದದ್ದನ್ನು ಸದ್ದಿಲ್ಲದೆ ಅವನ ಮನೆಗೆ ಮುಟ್ಟಿಸಿದ. ಸಮ್ಮಿಲನದ ಬರಹದ ಕ್ರಮ ಹೇಗಿರಬೇಕೆಂಬುದಕ್ಕೆ ಈ ಕಥೆಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ಒಟ್ಟಿಗೆ ಬಾಳಿದ್ದು ಮೊದಲು ಬರಬೇಕು. ಬೇರೆಬೇರೆಯಾಗಿ ಗಳಿಸಿದ್ದು, ಕಳೆದುಕೊಂಡದ್ದು ಆಮೇಲೆ, ಅದೂ ಹೇಳುವವರಿಗೆ ಇಷ್ಟವಿದ್ದಷ್ಟು.

ಓದುವವರ ಕಡೆಯ ಹೊಣೆ ಬರೆಯುವವರದಕ್ಕಿಂತ ಕಡಿಮೆಯಲ್ಲ. ಅರಿಷಡ್ವರ್ಗದ ಕೊನೆಯಲ್ಲಿ ಬರುವ ಮಾತ್ಸರ್ಯ ಅಪರಿಚಿತರ ಮೇಲೆ ಅಷ್ಟಾಗಿ ಹುಟ್ಟುವುದಿಲ್ಲ. ಒಂದೇ ಗೆರೆಯಿಂದ ಓಟ ಶುರುಮಾಡಿದವರ ಮೇಲೆ ಅದರ ಕಣ್ಣು. ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದವರು ಆದ್ದರಿಂದ ಸಹಪಾಠಿಗಳಲ್ಲಿ ಹೋಲಿಕೆಯ ಚಟ ಬಲವಾಗಿರುತ್ತದೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದ ಇದಕ್ಕೆ ಬಹಳ ಕರಾರುವಾಕ್ಕಾದ ಅಭ್ಯಾಸವೊಂದನ್ನು ಹೇಳಿದೆ. ಸುಖವಾಗಿರುವವರಲ್ಲಿ ಮೈತ್ರಿ, ದುಃಖದಲ್ಲಿರುವವರಲ್ಲಿ ಕರುಣೆ, ಪುಣ್ಯವಂತರನ್ನು ಕಂಡು ಮುದಿತೆ ಅಂದರೆ ನಲಿವು, ದಾರಿ ತಪ್ಪಿದವರ ಬಗ್ಗೆ ಉಪೇಕ್ಷೆ. ಬೌದ್ಧರು ಇವೇ ನಾಲ್ಕನ್ನು ಬ್ರಹ್ಮವಿಹಾರಗಳೆಂದು ಕರೆದರು. ಜೈನರ ತತ್ತ್ವಾರ್ಥಸೂತ್ರ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂದು ಹೆಸರಿಸಿತು. ಮೂರು ದರ್ಶನಗಳು ಆತ್ಮದ ಬಗ್ಗೆ ಇಷ್ಟೊಂದು ಜಗಳವಾಡಿಯೂ ಈ ನಾಲ್ಕರಲ್ಲಿ ಒಂದಾದದ್ದು ಕಡೆಗಣಿಸುವ ಸಂಗತಿಯಲ್ಲ. ಬದುಕಿನ ವರದಿಗಳ ಕಟ್ಟೊಂದನ್ನು ಓದುವವರಿಗೆ ಈ ನಾಲ್ಕೂ ಒಂದೇ ಸಂಜೆಯಲ್ಲಿ ಬೇಕಾಗುತ್ತವೆ. ನಾಲ್ಕರಲ್ಲಿ ಅತ್ಯಂತ ಕಷ್ಟದ್ದು ಮೊದಲನೆಯದು. ಅತ್ತವರ ಜೊತೆ ಅಳುವುದು ಬಹುಪಾಲು ಜನರಿಗೆ ಬರುತ್ತದೆ. ಗೆಳೆಯ ಸುಖವಾಗಿದ್ದಾನೆಂದು ಓದಿ ಅದು ತನ್ನದೇ ಸುಖವೆಂಬಂತೆ ಹಗುರಾಗುವುದು ಅಭ್ಯಾಸದಿಂದಷ್ಟೇ ಬರುವಂಥದು.

ಬರೆಯದೆ ಉಳಿಯುವವರ ವಿಷಯ ಬೇರೆಯಾಗಿ ನೋಡಬೇಕಾದದ್ದು. ಎಲ್ಲರೂ ತಮ್ಮ ಬದುಕನ್ನು ಕಥೆಯಾಗಿ ಅನುಭವಿಸುತ್ತಾರೆ ಎಂಬ ನಂಬಿಕೆಯನ್ನೇ ಬ್ರಿಟಿಷ್ ದಾರ್ಶನಿಕ ಗೇಲನ್ ಸ್ಟ್ರಾಸನ್ 2004ರ ಲೇಖನವೊಂದರಲ್ಲಿ ಪ್ರಶ್ನಿಸಿದ್ದಾನೆ. ಹಿಂದಿನದನ್ನು ಮುಂದಿನದಕ್ಕೆ ಹೆಣೆಯದೆ ಬಾಳುವವರಿದ್ದಾರೆ, ಅವರ ಬಾಳಿಗೆ ಅದರಿಂದ ಏನೂ ಕೊರತೆಯಿಲ್ಲ ಎಂಬುದು ಅವನ ವಾದ. ಇನ್ನು ಕೆಲವರ ಮೌನಕ್ಕೆ ಧರ್ಮದ ಕಟ್ಟಳೆಯೇ ಕಾರಣ. ಸನ್ಯಾಸ ಸ್ವೀಕರಿಸಿದವರು ಪೂರ್ವಾಶ್ರಮವನ್ನು ಮಾತಿನಿಂದಲೂ ಹೊರಗಿಡುತ್ತಾರೆ. ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿ ತುಮಕೂರಿನಲ್ಲಿ ಪ್ರೌಢಶಾಲೆ ಓದಿದ ಶಿವಣ್ಣ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಿ ಶಿವಕುಮಾರ ಸ್ವಾಮಿಗಳಾದರು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಆ ಹೆಸರಿನಲ್ಲೇ ಬಾಳಿದರು. ಅಂಥವರ ಜೊತೆ ಓದಿದವರಿಗೆ ಪಕ್ಕದಲ್ಲಿ ಕೂತಿದ್ದ ಗೆಳೆಯ ಒಂದು ದಿನದಿಂದ ಕೈಮುಗಿಯಬೇಕಾದ ಗುರುವಾಗುತ್ತಾನೆ. ದೇವದತ್ತನ ನಿದರ್ಶನಕ್ಕೆ ಇದಕ್ಕಿಂತ ಬಿಗಿಯಾದ ಪರೀಕ್ಷೆಯಿಲ್ಲ. ಇಂಥಲ್ಲಿ ಹಳೆಯ ಸಲುಗೆಯನ್ನು ಬಿಟ್ಟುಕೊಡುವುದೇ ಗೆಳೆಯರು ಮಾಡಬಹುದಾದ ಸ್ನೇಹದ ಕೆಲಸ.

ಮೌನಕ್ಕೆ ಕಾರಣ ಯಾವುದೇ ಇರಲಿ, ತರಗತಿಯ ಪಟ್ಟಿಯಿಂದ ಅವರ ಹೆಸರು ಬಿಡುವುದು ತರವಲ್ಲ. ಸಹಪಾಠಿಯಾಗುವುದು ವರದಿ ಒಪ್ಪಿಸುವುದರಿಂದಲ್ಲ; ಹಾಜರಿ ಪುಸ್ತಕದಲ್ಲಿ ಒಮ್ಮೆ ಒಟ್ಟಿಗೆ ಸೇರಿದ್ದರಿಂದ. ಹಾಗಾಗಿ ಅವರ ಹೆಸರಿನ ಮುಂದೆ ವಿವರ ಕೇಳಿ ಮತ್ತೆಮತ್ತೆ ಕಾಡದೆ, ಹೆಸರನ್ನಷ್ಟೇ ಎಲ್ಲರ ಹೆಸರಿನ ಸಾಲಿನಲ್ಲಿ ಅಚ್ಚು ಹಾಕುವುದು ಸರಿಯಾದ ಕ್ರಮ.

ಇನ್ನೆಂದೂ ಬರೆಯಲಾಗದವರೂ ಪ್ರತಿ ತರಗತಿಯಲ್ಲೂ ಇರುತ್ತಾರೆ. 25ನೇ ವರ್ಷದ ಸಂಚಿಕೆಯಲ್ಲಿ ಅವರು ಕೆಲವರು, 50ನೆಯದರಲ್ಲಿ ಹಲವರು. ತೀರಿಕೊಂಡ ಗೆಳೆಯನಿಗೆ ಧರ್ಮದಲ್ಲಿ ಸ್ಥಾನವಿಲ್ಲ, ಪಿತೃಕಾರ್ಯವೆಲ್ಲ ರಕ್ತಸಂಬಂಧಕ್ಕೆ ಎಂದು ತಿಳಿದವರಿದ್ದಾರೆ. ಆದರೆ ಮಹಾಲಯ ಪಕ್ಷದ ಸರ್ವಪಿತೃ ತರ್ಪಣದ ಸಾಲಿನಲ್ಲಿ ತಂದೆ ತಾಯಿಯರ ಕಡೆಯವರೆಲ್ಲ ಮುಗಿದ ಮೇಲೆ ಗುರು, ಶಿಷ್ಯ, ಸಖರಿಗೂ ಎಳ್ಳುನೀರು ಬಿಡುವ ವಿಧಿಯಿದೆ. ಕ್ರೈಸ್ತರು ನವೆಂಬರ್ 2ರಂದು ಅಗಲಿದ ಎಲ್ಲ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ. ಎದುರಿಗಿಲ್ಲದ ಸೋದರನಿಗಾಗಿ ಅವನಿಗೆ ತಿಳಿಯದಂತೆ ಮಾಡುವ ದುವಾಕ್ಕೆ ವಿಶೇಷ ಫಲವಿದೆಯೆಂದು ಮುಸ್ಲಿಮರ ಹದೀಸ್ ಹೇಳುತ್ತದೆ. ತೀರಿಕೊಂಡವರ ಪುಟವನ್ನು ಬರೆಯುವ ಹೊಣೆಯನ್ನು ಅವರೊಂದಿಗೆ ಹೆಚ್ಚು ಒಡನಾಡಿದ ಒಬ್ಬರು ಹೊರುವುದು ವಾಡಿಕೆ. ಅವರ ಮನೆಯವರನ್ನು ಕೇಳಿ ಬರೆದರೆ ಹುದ್ದೆ, ವರ್ಷ, ಊರುಗಳು ಸರಿಯಾಗಿ ಸಿಗುತ್ತವೆ. ಕಾಲೇಜಿನ ದಿನಗಳ ಸಂಗತಿ ಮಾತ್ರ ಮನೆಯವರಲ್ಲಿಯೂ ಇರುವುದಿಲ್ಲ. ಅದನ್ನು ಸಹಪಾಠಿಗಳೇ ಬರೆದು ಆ ಮನೆಗೆ ಒಂದು ಪ್ರತಿ ಕಳಿಸಬೇಕು.